ಮೂರು ಅಡ್ಡಗೆರೆ, ಒಂದು ಕೆಂಪು ಚುಕ್ಕೆ

೨೦೨೪ನೆಯ ಇಸವಿ ನವೆಂಬರ್ ಹನ್ನೆರಡನೆಯ ತಾರೀಖು ಮಂಗಳವಾರದಂದು ಚನ್ನಗಿರಿಯ ನಮ್ಮ ಬೀದಿಯಲ್ಲಿ ಹತ್ತೊಂಬತ್ತು ಮನೆಗಳಿದ್ದವು; ಅವುಗಳಲ್ಲಿ ಕಂಪ್ಯೂಟರ್ ಇದ್ದದ್ದು ಒಂದೇ ಮನೆಯಲ್ಲಿ; ಆ ಕಂಪ್ಯೂಟರಿನ ಒಳಗೆ ಕಂಪ್ಯೂಟರ್ ಇರಲಿಲ್ಲ. ಈ ಮೂರನೆಯ ಸಂಗತಿಯನ್ನು ಬಲ್ಲವರು ಆ ಮನೆಯ ಯಜಮಾನಿ ಗಾದ್ರಮ್ಮನವರೊಬ್ಬರೇ. ಅವರನ್ನು ಯಾರೂ ಕೇಳಿರಲಿಲ್ಲವಾದ್ದರಿಂದ ಅವರೂ ಹೇಳಿರಲಿಲ್ಲ.

ಯಜಮಾನರಾದ ಮರುಳಪ್ಪನವರು ಒಂದು ಸಹಕಾರ ಸಂಘದಲ್ಲಿ ಅಟೆಂಡರ್ ಆಗಿದ್ದು ನಿವೃತ್ತರಾದವರು. ಸಂಘದವರು ಹಳೆಯ ಸಾಮಾನುಗಳನ್ನು ಹರಾಜು ಹಾಕಿದಾಗ ಉಳಿದವರೆಲ್ಲ ಕುರ್ಚಿ, ಫ್ಯಾನು ಕೂಗಿದರು. ಇವರು ಕಂಪ್ಯೂಟರ್ ಕೂಗಿದರು. ಅದನ್ನು ಪಡಸಾಲೆಯಲ್ಲಿ, ಬಾಗಿಲು ತೆರೆದರೆ ಬೀದಿಗೆ ಕಾಣುವಂತೆ ಸ್ಥಾಪಿಸಿದರು. ಕುಶನ್ ಅಂಗಡಿಯ ಲಾಲ್‌ಸಾಬರಿಂದ ಅಳತೆ ಕೊಡಿಸಿ ಕೆನ್ನೀಲಿ ರೆಕ್ಸಿನ್ನಿನ ಹೊದಿಕೆ ಹೊಲಿಸಿದರು. ಅದರ ಕರೆಂಟಿನ ವೈರು ಬಂದ ವಾರದಲ್ಲೇ ಅನ್ನದ ಕುಕ್ಕರಿಗೆ ಸೇರಿಹೋಯಿತು. ಎರಡಕ್ಕೂ ಒಂದೇ ಪಿನ್ನು ಕೂರುತ್ತದೆ. ಕಂಪ್ಯೂಟರನ್ನು ಚಾಲೂ ಮಾಡುವುದಿಲ್ಲವೇ ಎಂದು ಕೇಳಿದವರಿಗೆ ಮರುಳಪ್ಪನವರು ಕೊಡುತ್ತಿದ್ದ ಉತ್ತರ ಒಂದೇ: "ಬಳಸಿದ್ರೆ ಸವೀತೈತ್ರಿ."

ಬಳಸದಿದ್ದರೂ ಪೂಜೆ ತಪ್ಪಿಸಿರಲಿಲ್ಲ. ಪ್ರತಿ ಆಯುಧಪೂಜೆಗೆ ಗಾದ್ರಮ್ಮನವರು ಗ್ಯಾಸ್ ಸ್ಟೋವಿಗೆ, ಮಿಕ್ಸಿಗೆ, ಮಗಳ ಸ್ಕೂಟರಿಗೆ ಹಚ್ಚಿದಂತೆಯೇ ಕಂಪ್ಯೂಟರಿನ ಗಾಜಿಗೂ ನೀರಿನಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ಎಳೆದು, ನಡುವೆ ಕುಂಕುಮ ಇಡುತ್ತಿದ್ದರು. ಅದು ಮುಂದಿನ ಆಯುಧಪೂಜೆಯವರೆಗೆ ಇರುತ್ತಿತ್ತು. ಅಷ್ಟರಲ್ಲಿ ಅದನ್ನು ಒರೆಸುವುದು ಆ ಮನೆಯಲ್ಲಿ ನಿಷಿದ್ಧ.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಮಗಳು ರಮ್ಯಶ್ರೀ ಮದುವೆಯ ವಯಸ್ಸಿಗೆ ಬಂದಿದ್ದಳು. ಆಕೆ ಪಶು ಆಸ್ಪತ್ರೆಯಲ್ಲಿ ನೌಕರಿಯಲ್ಲಿದ್ದಾಳೆ. ಹಾಯುವ ಹೋರಿಯನ್ನು ಮಾತಿನಲ್ಲೇ ನಿಲ್ಲಿಸಿ ಇಂಜೆಕ್ಷನ್ ಚುಚ್ಚುವ ಹುಡುಗಿ. ಮರುಳಪ್ಪನವರು ಆಕೆಯ ಬಯೋಡೇಟಾ ಅಚ್ಚು ಹಾಕಿಸುವಾಗ ಈ ನೌಕರಿಯ ಸಾಲನ್ನು ಹೊಡೆದುಹಾಕಿದರು. "ಎಮ್ಮೆ ಹಿಂದೆ ಓಡಾಡೋ ಹುಡುಗಿ ಅಂದ್ರೆ ಯಾವ ಬೀಗರು ಬರ್ತಾರ್ರೀ?" ಎಂದು ನನ್ನನ್ನೇ ಕೇಳಿದರು. ಖಾಲಿಯಾದ ಆ ಜಾಗದಲ್ಲಿ ಬರೆಸಿದ್ದು: "ಮನೆಯಲ್ಲಿ ಸ್ವಂತ ಕಂಪ್ಯೂಟರ್ ಇದೆ." ಕೆಳಗೆ ಫೋನ್ ನಂಬರು. ಒಂದು ವಧೂವರ ಕೇಂದ್ರದ ಮೂಲಕ ಆ ಹಾಳೆ ಹೊನ್ನಾಳಿ, ನ್ಯಾಮತಿ, ಜಗಳೂರುಗಳನ್ನು ಸುತ್ತಿತು. ದುಡಿಯುವ ಮಗಳನ್ನು ಕಳೆದು ದುಡಿಯದ ಪೆಟ್ಟಿಗೆಯನ್ನು ಕೂಡಿದ ಲೆಕ್ಕ ಇದು. ಉತ್ತರ ಸರಿ ಬರುವ ಸಂಭವವಿರಲಿಲ್ಲ.

ಆದರೂ ಮೊದಮೊದಲು ಸರಿ ಬಂದಂತೆಯೇ ತೋರಿತು. ಹೊನ್ನಾಳಿಯ ಹಾಲಮ್ಮ ಎಂಬುವರು, ತಮ್ಮ ಮಗನೂ ಕಂಪ್ಯೂಟರಿನವನೇ ಎಂದು ಹೇಳಿಕಳುಹಿಸಿ, ಮುಂದಿನ ಭಾನುವಾರ ಹೆಣ್ಣು ನೋಡಲು ಬರುವುದಾಗಿ ತಿಳಿಸಿದರು.

ನಾನು ಹೇಳಿದ ಮಂಗಳವಾರ ಬೆಳಿಗ್ಗೆ ಮರುಳಪ್ಪನವರು ನಮ್ಮ ಜಗಲಿಯ ಮೇಲೆ ಕುಳಿತು ನನ್ನ ಪತ್ರಿಕೆಯನ್ನು ಓದುತ್ತಿದ್ದರು. ಫೋನ್ ಬಂತು. ಅವರು ಫೋನನ್ನು ಕಿವಿಗಿಡುವವರಲ್ಲ. ಅಂಗೈ ಮೇಲಿಟ್ಟುಕೊಂಡು ಸ್ಪೀಕರಿನಲ್ಲೇ ಮಾತಾಡುವವರು.

"ನಮಸ್ಕಾರ ಸರ್. ನಾನು ವಿಕ್ರಮ್, ಕಂಪ್ಯೂಟರ್ ಕಂಪನಿಯ ದೆಹಲಿ ಹೆಡ್ ಆಫೀಸಿನಿಂದ ಮಾತನಾಡುತ್ತಿದ್ದೇನೆ. ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ವೈರಸ್ ಇದೆ. ಅದು ನಮ್ಮ ಸರ್ವರ್‌ವರೆಗೂ ಬರ್ತಾ ಇದೆ."

ಮರುಳಪ್ಪನವರು ನೆಟ್ಟಗೆ ಕುಳಿತರು. "ನಮ್ಮನೆ ಕಂಪ್ಯೂಟರಾ?"

"ನಿಮ್ಮದೇ ಸರ್."

"ದೆಹಲಿಗಂಟ ಬಂದೈತಾ?"

"ಬಂದಿದೆ ಸರ್. ಬಹಳ ಡೇಂಜರ್."

ಇಂಥ ಸುದ್ದಿ ಕೇಳಿದವರು ಹೆದರಬೇಕೆಂದು ಈ ಫೋನ್ ಮೋಸದ ಕಸುಬಿನವರ ನಿರೀಕ್ಷೆ. ಮರುಳಪ್ಪನವರ ಮುಖ ಅರಳಿತು. ಕರೆಂಟಿಲ್ಲದೆ, ರೆಕ್ಸಿನ್ ಹೊದ್ದು ಮಲಗಿದ್ದ ತಮ್ಮ ಕಂಪ್ಯೂಟರ್ ದೆಹಲಿಯವರನ್ನು ನಡುಗಿಸಿದೆ ಎಂಬುದನ್ನು ಅವರು ಒಮ್ಮೆಗೇ ನಂಬಿದರು. "ಸವೀದಂಗೆ ಇಟ್ಟಿದ್ದು ಸಾರ್ಥಕ ಆತು ನೋಡ್ರಿ ಮೇಷ್ಟ್ರೇ" ಎಂದು ನನ್ನ ಕಡೆ ತಿರುಗಿ ಹೇಳಿ, ಎದ್ದು ತಮ್ಮ ಮನೆಗೆ ನಡೆದರು. ಪತ್ರಿಕೆ ಅವರ ಕಂಕುಳಲ್ಲೇ ಇತ್ತು. ಅದನ್ನು ವಾಪಸ್ಸು ಪಡೆಯುವ ಸಲುವಾಗಿ ನಾನೂ ಹೋದೆ.

"ಕಂಪ್ಯೂಟರ್ ಮುಂದೆ ಕುಳಿತುಕೊಳ್ಳಿ ಸರ್" ಎಂದಿತು ಫೋನು.

"ಲೈನಲ್ಲೇ ಇರ್ರಿ. ಕೈಕಾಲು ತೊಳ್ಕೊಂಡ್ ಬರ್ತೀನಿ."

ಅವರು ತೊಳೆದುಕೊಂಡು ಬಂದು, ಹೊದಿಕೆ ತೆಗೆದು, ಚಕ್ಕಂಬಕ್ಕಲು ಹಾಕಿ ಕುಳಿತರು.

"ಸ್ಕ್ರೀನ್ ಮೇಲೆ ಏನು ಕಾಣ್ತಾ ಇದೆ ಸರ್?"

"ಮೂರು ಅಡ್ಡಗೆರೆ ಅದಾವು."

"ಯಾವ ಬಣ್ಣ?"

"ಬಿಳಿ. ನಡುವೆ ಒಂದು ಕೆಂಪು ಚುಕ್ಕೆ."

"ಗೆರೆ ಅಲುಗಾಡ್ತಾ ಇದೆಯಾ?"

"ಅಲುಗಾಡಂಗಿಲ್ರೀ. ಬಲಗಡೆ ಒಂದೀಟು ಉದುರೈತೆ."

"ಉದುರಿದೆಯಾ!" ಫೋನಿನ ದನಿ ನಿಜವಾಗಿಯೇ ಗಾಬರಿಗೊಂಡಂತಿತ್ತು. "ಸರ್, ಅದು ವೈರಸ್ಸಿನ ಎರಡನೇ ಹಂತ. ದೇಶದಲ್ಲಿ ಬಹಳ ಕಡಿಮೆ ಜನಕ್ಕೆ ಬರೋದು."

ಒಳಗಿನಿಂದ ಗಾದ್ರಮ್ಮನವರು ಸೌಟು ಹಿಡಿದೇ ಬಂದರು. "ಯಾವನದು? ಅದು ನಾನು ಹಚ್ಚಿದ ಈಬತ್ತಿ!"

"ನೀ ಸುಮ್ನಿರೇ. ದೆಹಲಿ ಆಫೀಸು ಮಾತಾಡಾಕೆ ಹತ್ತೈತೆ."

"ದೆಹಲಿಯೋರು ನನ್ನ ಈಬತ್ತಿ ಸುದ್ದಿಗೆ ಬರಾಕೆ ಯಾರು?"

ದೆಹಲಿಗೆ ಇದಾವುದೂ ಕೇಳಿಸಲಿಲ್ಲ. ಅದು ಗೆರೆಗಳ ಅಳತೆ ಬರೆದುಕೊಳ್ಳುವುದರಲ್ಲಿ ಮಗ್ನವಾಗಿತ್ತು. ಕಡೆಗೆ, ಒಂಬತ್ತು ಸಾವಿರ ರೂಪಾಯಿ ಸೆಕ್ಯೂರಿಟಿ ಫೀ ಕಳುಹಿಸಿದರೆ ಕುಳಿತಲ್ಲಿಂದಲೇ ವೈರಸ್ ತೆಗೆಯುವುದಾಗಿ ಹೇಳಿತು.

ನಮ್ಮ ಸೀಮೆಯಲ್ಲಿ ಎಮ್ಮೆ ಕೊಳ್ಳಲಿ, ಹೆಣ್ಣು ತರಲಿ, ಬಸ್ಸಿನಲ್ಲಿ ಪಕ್ಕದಲ್ಲಿ ಕೂರಲಿ, ಮೊದಲು ಕೇಳಬೇಕಾದ್ದನ್ನು ಮರುಳಪ್ಪನವರು ಕೇಳಿದರು. "ಆಗಲಿ. ತಮ್ಮದು ಯಾವೂರಾತು?"

"ದೆಹಲಿ ಸರ್."

"ದೆಹಲಿ ಆಫೀಸಾತು. ಊರು?"

"ಅದೂ ದೆಹಲಿನೇ."

"ಕನ್ನಡ ಚೆಂದ ಮಾತಾಡ್ತೀರಿ. ಯಾರ ಪೈಕಿ?"

"ಸರ್, ವೈರಸ್ ಹರಡ್ತಾ ಇದೆ!"

"ಹರಡಲಿ ಬಿಡ್ರಿ, ಎಲ್ಲಿಗೋಗ್ತೈತೆ. ನಾನೊಂದು ಮಾತು ಹೇಳ್ತೀನಿ ಕೇಳ್ರಿ. ಬರೋ ಭಾನುವಾರ ಹನ್ನೊಂದು ಗಂಟೆಗೆ ನಮ್ಮನೆಗೆ ಬೀಗರು ಬರ್ತಾರೆ. ಆಗ ಫೋನ್ ಮಾಡಿ, ಈಗ ಹೇಳಿದ್ದನ್ನ ಅವರ ಮುಂದೆ ಜೋರಾಗಿ ಹೇಳ್ರಿ. ಈ ಮನೇಲಿ ಕಂಪ್ಯೂಟರ್ ಐತೆ, ಕಂಪನಿಗೆ ಗೊತ್ತೈತೆ, ದೆಹಲಿಗಂಟ ಸುದ್ದಿಯಾಗೈತೆ ಅಂತ. ಹೇಳಿದ ತಕ್ಷಣ ಒಂಬತ್ತು ಸಾವಿರ ನಿಮ್ಮದು. ಮಾತು ಕೊಟ್ಟೀನಿ."

ಸಾಮಾನ್ಯವಾಗಿ ಈ ಬಗೆಯ ಕಳ್ಳರಿಗೆ ಜನ ಬೈಯುತ್ತಾರೆ, ಇಲ್ಲವೇ ಮೋಸಹೋಗುತ್ತಾರೆ. ಮುಂಗಡವಾಗಿ ದಿನ ಗೊತ್ತುಮಾಡಿ ಬರಹೇಳಿದವರು ಬಹುಶಃ ಇವರೇ ಮೊದಲಿಗರು. ವಿಕ್ರಮ್ ಒಪ್ಪಿದ. ನಾನು ಮರುಳಪ್ಪನವರಿಗೆ ಇದು ಮೋಸವೆಂದು ಎರಡು ವಾಕ್ಯದಲ್ಲಿ ತಿಳಿಸಿದೆ. "ಮೋಸಗಾರ ಆಗಿದ್ರೆ ಗೆರೆ ಎಷ್ಟು, ಬಣ್ಣ ಯಾವುದು ಅಂತ ಇಷ್ಟು ಮುತುವರ್ಜಿಯಿಂದ ಕೇಳ್ತಿದ್ನಾ?" ಎಂದರು. ಪತ್ರಿಕೆ ತೆಗೆದುಕೊಂಡು ಬಂದೆ.

ಸಂಜೆಯೊಳಗೆ ಬೀದಿಗೆಲ್ಲ ಸುದ್ದಿಯಾಯಿತು. ಎದುರು ಮನೆಯ ದುರುಗಕ್ಕನವರು ಅದುವರೆಗೆ ವಾಷಿಂಗ್ ಮಷೀನಿನ ಬಲದಿಂದ ಬೀದಿಯಲ್ಲಿ ಮೊದಲ ಸ್ಥಾನದಲ್ಲಿದ್ದರು. ಅವರು ಮಷೀನಿನ ಕಂಪನಿಗೆ ಫೋನ್ ಮಾಡಿ ಜಗಳ ತೆಗೆದರು. "ಮರುಳಪ್ಪನ ಮನೆ ಹಳೇ ಡಬ್ಬಿಗೆ ವೈರಸ್ ಐತೆ ಅಂತ ದೆಹಲಿಯಿಂದ ವಿಚಾರಿಸ್ತಾರೆ. ನಿಮ್ಮದು ಮೂರು ವರ್ಷ ಆತು, ಒಂದಿನ ವಿಚಾರಿಸಿದೀರಾ?" ಲಾಲ್‌ಸಾಬರು ಬಾಗಿಲಲ್ಲಿ ನಿಂತು ಕಂಪ್ಯೂಟರನ್ನು ಮೇಲಿಂದ ಕೆಳಗೆ ನೋಡಿ, "ಮರುಳಪ್ಪಾರೇ, ಹೊದಿಕೆ ನಂದು. ವೈರಸ್ಸಿಗೆ ಸೈಜು ಸಾಲದೇ ಹೋದ್ರೆ ಹೇಳ್ರಿ, ಸ್ವಲ್ಪ ಬಿಟ್ಟು ಹೊಲೀತೀನಿ" ಎಂದರು.

ಗುರುವಾರ ಒಬ್ಬ ಅಧಿಕಾರಿ ಜೀಪಿನಲ್ಲಿ ಬಂದರು. ಯಾವ ಇಲಾಖೆಯವರೆಂದು ಕಡೆಯವರೆಗೂ ತಿಳಿಯಲಿಲ್ಲ. ಕೇಳಿದಾಗ ಅವರು ಜೀಪನ್ನು ತೋರಿಸಿದರು.

"ಈ ಬೀದೀಲಿ ವೈರಸ್ ಬಂದೈತಂತಲ್ಲ. ಎಷ್ಟು ಜನಕ್ಕೆ?"

"ಜನಕ್ಕಲ್ಲ ಸಾಹೇಬ್ರೆ, ನಮ್ಮ ಕಂಪ್ಯೂಟರಿಗೆ" ಎಂದರು ಮರುಳಪ್ಪ ವಿನಯದಿಂದ.

"ಅದರ ವಯಸ್ಸೆಷ್ಟು?"

"ಹದಿನಾರೋ ಹದಿನೇಳೋ ಆಗಿರಬೇಕು."

"ಅಪ್ರಾಪ್ತ" ಎಂದು ಅಧಿಕಾರಿ ತಮ್ಮ ಜೊತೆಯವನಿಗೆ ಬರೆಸಿದರು. ಹೊಸ್ತಿಲಿಗೆ ಬ್ಲೀಚಿಂಗ್ ಪುಡಿ ಚೆಲ್ಲಿಸಿ, ಪುಡಿಯೊಂದಿಗೆ ಮರುಳಪ್ಪನವರನ್ನು ನಿಲ್ಲಿಸಿ ಫೋಟೋ ತೆಗೆದು, ಫೋಟೋ ಮೇಲಕ್ಕೆ ಹೋಗಿದೆಯೋ ಇಲ್ಲವೋ ಎಂದು ಖಚಿತಪಡಿಸಿಕೊಂಡು ಹೊರಟುಹೋದರು. ಗಾದ್ರಮ್ಮನವರು ಹೊಸ್ತಿಲು ತೊಳೆದು ಮತ್ತೆ ರಂಗೋಲಿ ಹಾಕಿದರು.

ಇಷ್ಟೆಲ್ಲ ನಡೆಯುವಾಗ ರಮ್ಯಶ್ರೀ ದಿನವೂ ತನ್ನ ಕೆಲಸಕ್ಕೆ ಹೋಗಿಬರುತ್ತಿದ್ದಳು. ಶನಿವಾರ ಸಂಜೆ ಸಂತೇಬೆನ್ನೂರಿನಲ್ಲಿ ಒಂದು ಕಷ್ಟದ ಕರು ಹಾಕಿಸಿ, ಮೊಣಕೈವರೆಗೂ ತೊಳೆದುಕೊಂಡು ಬಂದವಳು ನಮ್ಮ ಜಗಲಿಯಲ್ಲಿದ್ದ ತಂದೆಯನ್ನು ಕೇಳಿದಳು.

"ಅಪ್ಪಾಜಿ, ನಾಳೆ ಬರೋರು ನನ್ನ ನೋಡಾಕೋ, ಅದನ್ನ ನೋಡಾಕೋ?"

"ಇಬ್ಬರನ್ನೂ."

"ಅದನ್ನ ಒಪ್ಪಿ ನನ್ನ ಬಿಟ್ರೆ?"

ಮರುಳಪ್ಪನವರಿಗೆ ಇದು ತಮಾಷೆಯ ಮಾತೆನಿಸಿತು. ನನಗೆ ಹಾಗೆನಿಸಲಿಲ್ಲ. ಹುಡುಗಿಯ ಮುಖದಲ್ಲಿ ನಗುವಿರಲಿಲ್ಲ. ಈ ಪೆಟ್ಟಿಗೆಯ ಹೆಸರಿನಲ್ಲಿ ಒಂದು ಮನೆಗೆ ಹೋದರೆ ಆಯುಷ್ಯವೆಲ್ಲ ಅಲ್ಲಿ ಪೆಟ್ಟಿಗೆಯಷ್ಟೇ ಬೆಲೆ ಎಂಬುದು ಆಕೆಗೆ ಸ್ಪಷ್ಟವಾಗಿತ್ತು.

ಭಾನುವಾರ ಹಾಲಮ್ಮನವರು ತಮ್ಮ ಅಣ್ಣ, ನ್ಯಾಮತಿಯ ನಿಂಗರಾಜ್ ಎಂಬುವರೊಡನೆ ಬಂದರು. ಹಾಲಮ್ಮ ಗಟ್ಟಿ ಹೆಂಗಸು. ಗಂಡ ತೀರಿದ ಮೇಲೆ ನಾಲ್ಕು ಎಮ್ಮೆ ಕಟ್ಟಿ ಮಗನನ್ನು ಓದಿಸಿದವರು. ನಿಂಗರಾಜ್ ಅವರದು ಮಾತಿನ ಕಸುಬು. ಕುಳಿತವರೇ ಸೋದರಳಿಯನ ವರ್ಣನೆ ಆರಂಭಿಸಿದರು.

"ಹುಡುಗ ರೇಣುಕಪ್ರಸಾದ್ ಇವತ್ತು ಬರಾಕಾಗಲಿಲ್ಲ. ರಜೆ ಇಲ್ಲ. ಅಂತರರಾಷ್ಟ್ರೀಯ ಕಂಪ್ಯೂಟರ್ ಕಂಪನಿ ನೋಡ್ರಿ."

"ಎಲ್ಲೈತ್ರೀ ಕಂಪನಿ?" ಎಂದರು ಲಾಲ್‌ಸಾಬ್. ಅವರನ್ನೂ ನನ್ನನ್ನೂ ಹಿರಿಯರ ಸಂಖ್ಯೆ ತುಂಬಲೆಂದು ಕೂರಿಸಿದ್ದರು.

"ಜಗಳೂರು."

"ಅಂತರರಾಷ್ಟ್ರೀಯ, ಜಗಳೂರು" ಎಂದು ಲಾಲ್‌ಸಾಬರು ಗೌರವದಿಂದ ತಲೆಯಾಡಿಸಿದರು. "ಜಗಳೂರಲ್ಲಿ ಎಲ್ಲಿ?"

"ಗೊಬ್ಬರದ ಅಂಗಡಿ ಮ್ಯಾಲೆ ಎರಡು ರೂಮು" ಎಂದರು ಹಾಲಮ್ಮ, ಮುಚ್ಚುಮರೆಯಿಲ್ಲದೆ. "ಕೂತಲ್ಲೇ ಫೋನ್ ಮಾಡಿ ಊರಾಗಿರೋ ಕಂಪ್ಯೂಟರೆಲ್ಲ ರಿಪೇರಿ ಮಾಡ್ತಾನಂತೆ. ಮೂರು ತಿಂಗಳಿಂದ ಸಂಬಳ ಕೊಟ್ಟಿಲ್ಲ. ದೊಡ್ಡ ಕಂಪನಿ, ಒಮ್ಮೆಗೇ ಕೊಡ್ತಾರಂತೆ."

ನಾನು ಮರುಳಪ್ಪನವರ ಮುಖ ನೋಡಿದೆ. ಅವರು ಗಡಿಯಾರ ನೋಡುತ್ತಿದ್ದರು. ಬೀದಿಯವರೆಲ್ಲ ಬಾಗಿಲಲ್ಲೂ ಕಿಟಕಿಯಲ್ಲೂ ಸೇರಿದ್ದರು. ದುರುಗಕ್ಕನವರು ಕರೋನಾ ಕಾಲದ ಮಾಸ್ಕ್ ಹುಡುಕಿ ಹಾಕಿಕೊಂಡು ಬಂದಿದ್ದರು.

ಹನ್ನೊಂದಕ್ಕೆ ಸರಿಯಾಗಿ ಫೋನ್ ಹೊಡೆದುಕೊಂಡಿತು. ಮರುಳಪ್ಪನವರು ಸ್ಪೀಕರ್ ಹಾಕಿ, ಫೋನನ್ನು ಸ್ಟೀಲಿನ ಚೊಂಬಿನೊಳಗೆ ನಿಲ್ಲಿಸಿದರು. ಹಾಗೆ ಮಾಡಿದರೆ ದನಿ ದೊಡ್ಡದಾಗಿ ಕೇಳುತ್ತದೆ.

"ನಮಸ್ಕಾರ. ನಾನು ವಿಕ್ರಮ್, ದೆಹಲಿ ಹೆಡ್ ಆಫೀಸು."

"ಬೀಗರು ಕೂತಾರೆ. ಹೇಳ್ರಿ, ಜೋರಾಗಿ!"

"ಬೀಗರೇ, ಈ ಮನೆಯಲ್ಲಿ ಒಂದು ಕಂಪ್ಯೂಟರ್ ಇದೆ. ಕಂಪನಿಗೆ ಗೊತ್ತಿದೆ. ಅದರ ವೈರಸ್ ಸಾಮಾನ್ಯದ್ದಲ್ಲ. ಮೂರು ಅಡ್ಡಗೆರೆ, ಒಂದು ಕೆಂಪು ಚುಕ್ಕೆ. ಇಂಥಾದ್ದು ದೊಡ್ಡ ಮನೆತನಕ್ಕೇ ಬರೋದು."

"ದೊಡ್ಡ ಮನೆತನ" ಎಂಬುದು ಮರುಳಪ್ಪನವರು ಹೇಳಿಕೊಟ್ಟದ್ದಲ್ಲ. ಅವರ ಕಣ್ಣು ತುಂಬಿಬಂತು. ನಿಂಗರಾಜ್ "ಓಹೋ" ಎಂದರು. ಹಾಲಮ್ಮ ಮಾತ್ರ ಕೈಯಲ್ಲಿದ್ದ ಉಪ್ಪಿಟ್ಟಿನ ತಟ್ಟೆಯನ್ನು ಕೆಳಗಿಟ್ಟು, ಚೊಂಬಿನ ಕಡೆ ಕಿವಿ ಬಾಗಿಸಿದರು. ಸ್ವಲ್ಪ ಹೊತ್ತು ಕೇಳಿ, ಸಹಜವಾಗಿ, ಮೆಲ್ಲಗೆ ಕೇಳಿದರು:

"ಉಣ್ಣಾಕೆ ಏನ್ ಮಾಡಿದ್ಯೋ?"

"ಇನ್ನೂ ಇಲ್ಲವ್ವ, ಎರಡು ಗಂಟೆಗೆ ಬಿಡ್ತಾರೆ" ಎಂದಿತು ದೆಹಲಿ.

ಆ ಕಸುಬಿನವರಿಗೆ ಪ್ರತಿಯೊಂದು ಪ್ರಶ್ನೆಗೂ ಉತ್ತರವನ್ನು ಮೊದಲೇ ಕಲಿಸಿರುತ್ತಾರಂತೆ. ಈ ಒಂದು ಪ್ರಶ್ನೆಗೆ ಕಲಿಸಿರಲಿಲ್ಲ.

ಚೊಂಬಿನೊಳಗಿಂದ "ಸರ್... ಲೈನ್ ಸರಿ ಇಲ್ಲ..." ಎಂಬ ಕ್ಷೀಣಸ್ವರ ಬಂತು.

"ರೇಣುಕಾ!" ಎಂದರು ಹಾಲಮ್ಮ. ಚೊಂಬು ಗುಡುಗಿತು. "ಲೈನು ಸರಿ ಐತೆ. ನೀ ಸರಿ ಇಲ್ಲ. ಯಾವನೋ ಅವನು ವಿಕ್ರಮ? ಸಂಜೆ ಬಸ್ಸಿಗೆ ಚನ್ನಗಿರಿಗೆ ಬರ್ತೀಯ. ಬರದೇ ಹೋದ್ಯೋ, ನಾನೇ ಜಗಳೂರಿಗೆ ಬರ್ತೀನಿ, ಎಮ್ಮೆ ಸಮೇತ."

ಅಂತರರಾಷ್ಟ್ರೀಯ ಕಂಪನಿ ಫೋನ್ ಇಟ್ಟಿತು.

ಮೊದಲು ಚೇತರಿಸಿಕೊಂಡವರು ನಿಂಗರಾಜ್. "ಇದರಲ್ಲಿ ತಪ್ಪೇನೈತ್ರೀ?" ಎಂದು ಟವೆಲ್ ಕೊಡವಿದರು. "ಹುಡುಗ ಹೇಳಿದ್ದು ಸುಳ್ಳೇ? ಮಾವನ ಮನೆ ಕಂಪ್ಯೂಟರಿಗೆ ವೈರಸ್ ಬಂದೈತೆ ಅಂತ ಮದುವೆಗೆ ಮುಂಚೇನೇ ಎಚ್ಚರಿಸ್ಯಾನೆ. ಇಂಥಾ ಅಳಿಯ ಸಿಗ್ತಾನಾ? ವೈರಸ್ ಇರೋದು ಖರೆ. ಬಿಚ್ಚಿ ತೋರಿಸ್ತೀನಿ."

"ಪೆಟ್ಟಿಗೆ ಮುಟ್ಟಬ್ಯಾಡ್ರಿ!" ಎಂದು ಗಾದ್ರಮ್ಮನವರು ಕೂಗಿದರು. ಇಪ್ಪತ್ತು ಜನರ ಎದುರು ಗಂಡಸು ಎದ್ದ ಮೇಲೆ ಹೆಂಗಸಿನ ಮಾತು ಕೇಳಿ ಕೂರುವುದು ನ್ಯಾಮತಿಯ ಕಡೆ ರೂಢಿಯಲ್ಲವಂತೆ. ನಿಂಗರಾಜ್ ಗಾಜಿನ ಪಕ್ಕದ ದೊಡ್ಡ ಪೆಟ್ಟಿಗೆಯ ತಗಡನ್ನು ಹಿಡಿದು ಜೋರಾಗಿ ಎಳೆದರು. ಅದಕ್ಕೆ ಮೊಳೆಯೇ ಇರಲಿಲ್ಲ. ತಗಡು ಕೈಗೆ ಬಂತು, ಅವರು ಹಿಂದಕ್ಕೆ ಬಿದ್ದರು. ಪೆಟ್ಟಿಗೆಯೊಳಗೆ ಒತ್ತಿ ತುಂಬಿದ್ದ ಎರಡು ವರ್ಷದ ಒಣಮೆಣಸಿನಕಾಯಿ ಅವರ ಎದೆಯ ಮೇಲೆ ಸುರಿಯಿತು. ಘಾಟು ಸೂರು ಮುಟ್ಟಿತು.

"ಇಲಿ ಹೋಗಲ್ಲ ಅಂತ ಅದರಾಗೆ ಇಟ್ಟಿದ್ದೆ" ಎಂದರು ಗಾದ್ರಮ್ಮ, ಮೂಗಿಗೆ ಸೆರಗು ಮುಚ್ಚಿಕೊಂಡು. "ತಂದಾಗಿಂದ ಖಾಲೀನೇ ಇತ್ತು."

ನಿಂಗರಾಜ್ ಸೀನಿದರು. ನಾನು ಸೀನಿದೆ. ಲಾಲ್‌ಸಾಬ್ ಸೀನುತ್ತಲೇ ನಗುತ್ತಿದ್ದರು. ಮರುಳಪ್ಪನವರು ಸೀನುತ್ತಿದ್ದರೋ ಅಳುತ್ತಿದ್ದರೋ ಹೇಳಲಾಗದು. ಕಿಟಕಿಯ ಹೊರಗೆ ದುರುಗಕ್ಕನವರು, "ಬಂತು! ಹೊರಗ್ ಬಂತು!" ಎಂದು ಕೂಗಿಕೊಂಡರು. ಬೀದಿ ಬರಿದಾಗಲು ಒಂದು ನಿಮಿಷವೂ ಹಿಡಿಯಲಿಲ್ಲ. ಜೀಪಿನ ಅಧಿಕಾರಿಗೆ ಯಾರು ಫೋನ್ ಮಾಡಿದರೋ, ಅರ್ಧ ಗಂಟೆಯಲ್ಲಿ ಬಂದು, ಸೀನುತ್ತಿದ್ದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದುಕೊಂಡು ಹೋದರು.

ಘಾಟು ಇಳಿದ ಮೇಲೆ ಯಾರ ಬಳಿಯೂ ಹೇಳಿಕೊಳ್ಳುವಂಥದ್ದು ಏನೂ ಉಳಿದಿರಲಿಲ್ಲ. ಒಂದು ಕಡೆ ಕಂಪ್ಯೂಟರಿಲ್ಲದ ಕಂಪ್ಯೂಟರ್. ಇನ್ನೊಂದು ಕಡೆ ಕಂಪನಿಯಿಲ್ಲದ ಕಂಪನಿ. ಎರಡನ್ನೂ ಹೊಡೆದುಹಾಕಿದರೆ ಶೇಷವಾಗಿ ನಿಂತದ್ದು ರಮ್ಯಶ್ರೀ ಒಬ್ಬಳೇ, ಕಾಫಿಯ ತಟ್ಟೆ ಹಿಡಿದು.

ಹಾಲಮ್ಮ ಲೋಟ ತೆಗೆದುಕೊಂಡು, ಆಕೆಯ ಮುಂಗೈ ಮೇಲಿನ ಹಳೆಯ ಗಾಯದ ಗುರುತನ್ನು ನೋಡಿದರು. "ಇದೇನವ್ವ, ಹೋರಿ ಕೊಂಬು?"

"ಎಮ್ಮೆ. ಇಂಜೆಕ್ಷನ್ ಕೊಡಾವಾಗ."

"ನೀನು ಕೊಡ್ತೀಯಾ?"

"ಅದೇ ನನ್ನ ಕೆಲಸ, ಅತ್ತೆ. ಪಶು ಆಸ್ಪತ್ರೆ. ಹಾಳೇಲಿ ಬರೆಸಿಲ್ಲ."

ಹಾಲಮ್ಮ ಮರುಳಪ್ಪನವರ ಕಡೆ ತಿರುಗಿ ನೋಡಿದ ನೋಟವನ್ನು ವರ್ಣಿಸುವುದು ಅನಗತ್ಯ. "ಇದನ್ನ ಬಿಟ್ಟು ಮೆಣಸಿನಕಾಯಿ ಡಬ್ಬಿ ಬರೆಸಿದ್ರೇನ್ರೀ?" ಎಂದಷ್ಟೇ ಕೇಳಿ, ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ತಮ್ಮ ಎಮ್ಮೆಯ ಸಂಗತಿ ತೆಗೆದರು. ಮೂರನೆಯ ಸೂಲಿನದು, ಎರಡು ಸಲ ಕೋಣ ತೋರಿಸಿದರೂ ಗಬ್ಬ ನಿಂತಿಲ್ಲ. ಮಧ್ಯಾಹ್ನದ ಊಟದವರೆಗೆ ಅವರಿಬ್ಬರೂ ಬೇರೆ ಮಾತು ಆಡಲಿಲ್ಲ.

ಸಂಜೆ ಬಸ್ಸಿಗೆ ರೇಣುಕಪ್ರಸಾದ್ ಬಂದಿಳಿದ. ತೆಳ್ಳಗಿನ ಹುಡುಗ, ಹೆಗಲಿಗೆ ಕಂಪ್ಯೂಟರ್ ಹಾಕುವ ಬ್ಯಾಗು. ಹಾಲಮ್ಮ ಅದನ್ನು ತೆರೆದು ನೋಡಿದರು. ಒಳಗೆ ತೊಳೆಯದ ಟಿಫಿನ್ ಡಬ್ಬಿ ಇತ್ತು.

"ನಾನು ಚನ್ನಗಿರಿಗೆ ಹೋಗ್ತೀನಿ ಅಂತ ಹೇಳಿದ್ನೋ ಇಲ್ಲೋ? ಈ ಫೋನು ಚನ್ನಗಿರೀದು ಅಂತ ನಿಂಗೆ ತಿಳೀಲಿಲ್ವಾ?"

"ಊರು ಕೇಳಬೇಡ ಅಂದಿದಾರವ್ವ. ನಂಬರು, ಕಂಪ್ಯೂಟರ್ ಐತೋ ಇಲ್ಲೋ, ಅಷ್ಟೇ ಕೊಡ್ತಾರೆ. ಊರು ಕೇಳಿದ್ರೆ ಸಂಬಂಧ ಬೆಳೀತೈತೆ, ಸಂಬಂಧ ಬೆಳೆದ್ರೆ ದುಡ್ಡು ಕೇಳಾಕೆ ಬಾಯಿ ಬರಲ್ಲ ಅಂತಾರೆ."

ಕಂಪನಿ ಆ ನಂಬರುಗಳನ್ನು ವಧೂವರ ಕೇಂದ್ರದಿಂದಲೇ ಕೊಂಡಿತ್ತು. ಸ್ವಂತ ಕಂಪ್ಯೂಟರ್ ಇದೆ ಎಂದು ಬರೆಸಿದವರ ನಂಬರುಗಳನ್ನೆಲ್ಲ ಆರಿಸಿಕೊಂಡಿತ್ತಂತೆ. ಮೂರು ಅಡ್ಡಗೆರೆಯ ವಿಚಾರವನ್ನು ಈತ ವರದಿ ಮಾಡಿದ ಮೇಲೆ ಅದನ್ನು ಎಲ್ಲರಿಗೂ ಕಲಿಸಿದ್ದರು. ಈಗ ಜಗಳೂರಿನಿಂದ ಹೋಗುವ ಪ್ರತಿ ಕರೆಯಲ್ಲೂ "ಮೂರು ಗೆರೆ ಕಾಣ್ತಾ ಇದೆಯಾ?" ಎಂದೇ ಆರಂಭ, ಕಾಣುತ್ತದೆ ಎನ್ನುವವರು ಅನೇಕರು.

"ನಿನ್ನ ಮಾತು ನಂಬಿ ಯಾರಾದ್ರೂ ದುಡ್ಡು ಹಾಕ್ಯಾರೇನಪ್ಪಾ?" ಎಂದರು ಲಾಲ್‌ಸಾಬ್ ನಗುತ್ತಾ.

"ಒಬ್ಬರೇ. ಕೆರೆಬಿಳಚಿ ಅಂತ ತಾವಾಗೇ ಹೇಳಿದ್ರು. ಮಜೀದಾ ಅಂತ, ಟೈಲರಿಂಗ್ ಮಾಡ್ತಾರಂತೆ; ಮಗನ ಬಯೋಡೇಟಾದಾಗೆ ಕಂಪ್ಯೂಟರ್ ಐತೆ ಅಂತ ಬರೆಸಿದ್ರು. ನಾಲ್ಕು ಸಾವಿರ."

ಲಾಲ್‌ಸಾಬರ ನಗು ನಿಂತಿತು. "ನನ್ನ ತಂಗಿ" ಎಂದರು.

ಲಾಲ್‌ಸಾಬರು ಹುಡುಗನ ಕಡೆ ತಿರುಗಿ ಹೇಳಿದರು: "ಮಗಳ ಬಾಣಂತನಕ್ಕೆ ಇಟ್ಟಿದ್ಲು. ಮನೇಲಿ ಹೇಳಾಕೆ ನಾಚಿಕೆಯಾಗಿ ಹದಿನೈದು ದಿನದಿಂದ ಹೊಲಿಗೆ ಮಷೀನ್ ಕೆಟ್ಟೈತೆ, ಅದಕ್ಕೆ ಖರ್ಚಾತು ಅಂತಿದ್ಲು. ನಾನೇ ಹೋಗಿ ಮಷೀನ್ ನೋಡಿದೆ. ಸರಿಯಾಗೇ ಇತ್ತು."

ರೇಣುಕಪ್ರಸಾದ್ ತಲೆ ತಗ್ಗಿಸಿದ. ನಿಂಗರಾಜ್ ಏನೋ ಹೇಳಲು ಬಾಯಿ ತೆರೆದರು. ಹಾಲಮ್ಮ ಅವರನ್ನು ನೋಡಿದರು. ಅವರು ಬಾಯಿ ಮುಚ್ಚಿದರು. ಹಾಲಮ್ಮ ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ, ಹೆಣ್ಣು ಒಪ್ಪಿಗೆಯಾದರೆ ಕೈಗೆ ಕೊಡಲೆಂದು ತಂದಿದ್ದ ನೋಟುಗಳನ್ನು ತೆಗೆದು ಮಗನ ಅಂಗೈಯಲ್ಲಿಟ್ಟರು. "ನಾಳೆ ಬೆಳಿಗ್ಗೆ ಇವರ ಜತೀಗೆ ಹೋಗು. ಕೈಗೆ ಕೊಡು. ವಿಕ್ರಮ ಅಂತಲ್ಲ, ಹೊನ್ನಾಳಿ ಹಾಲಮ್ಮನ ಮಗ ಅಂತ ಊರು, ಮನೆ, ಎಲ್ಲಾ ಹೇಳಿ ಕೊಡು. ಇದು ನಾ ನಿನಗೆ ಕೊಟ್ಟ ಸಾಲ. ಸಗಣಿ ಬಾಚಿ ತೀರಿಸು."

ಹುಡುಗ ಹೋದ, ಕೊಟ್ಟ. ಅಲ್ಲಿ ಎರಡು ಗಂಟೆ ನಿಂತು ಬೈಸಿಕೊಂಡ ಎಂದೂ, ಕಡೆಗೆ ಮಜೀದಾ ಊಟಕ್ಕೆ ಹಾಕಿದರು ಎಂದೂ ಲಾಲ್‌ಸಾಬರು ವರದಿ ಮಾಡಿದರು. ಮಜೀದಾರ ಬಾಕಿ ಅಲ್ಲಿಗೆ ತೀರಿತು.

ಉಳಿದದ್ದು ಮರುಳಪ್ಪನವರ ಒಂಬತ್ತು ಸಾವಿರ. ಇದನ್ನು ಎತ್ತಿದವರು ಬೇರಾರೂ ಅಲ್ಲ, ಸ್ವತಃ ಮರುಳಪ್ಪನವರೇ. "ಬೀಗರ ಮುಂದೆ ಹೇಳಿದ್ರೆ ಕೊಡ್ತೀನಿ ಅಂತ ಮಾತು ಕೊಟ್ಟಿದ್ದೆ. ಅವನು ಹೇಳಿದ. ಜೋರಾಗೇ ಹೇಳಿದ. ಮಾತಿಗೆ ತಪ್ಪಾಕಾಗಲ್ಲ" ಎಂದು ಬ್ಯಾಂಕಿಗೆ ಹೊರಟೇಬಿಟ್ಟರು. ಹುಡುಗ ಬೇಡವೆಂದು ಕೈಮುಗಿದ. ಗಾದ್ರಮ್ಮನವರು ಬಾಗಿಲಿಗೆ ಅಡ್ಡ ನಿಂತರು. ಆಗ ರಮ್ಯಶ್ರೀ ತೀರ್ಪು ಕೊಟ್ಟಳು.

"ಅಪ್ಪಾಜಿ, ಫೀ ಯಾತಕ್ಕೆ? ವೈರಸ್ ತೆಗೆಯಾಕೆ. ತೆಗೆದ ಮೇಲೆ ಕೊಡ್ರಿ."

"ತೆಗೀಲಿ. ಒಂದು ಒದ್ದೆ ಬಟ್ಟೆ ತಗೊಂಡು ಒರೆಸಿದ್ರಾತು" ಎಂದರು ಮರುಳಪ್ಪನವರು.

"ನನ್ನ ಈಬತ್ತಿ ಒರೆಸೋ ಕೈ ಯಾವುದು, ನೋಡೇಬಿಡ್ತೀನಿ" ಎಂದರು ಗಾದ್ರಮ್ಮ.

ಈ ಸಮಸ್ಯೆಯನ್ನು ನಾನು ಹಲವು ಕ್ರಮಗಳಲ್ಲಿ ಮಾಡಿ ನೋಡಿದ್ದೇನೆ. ವಿಭೂತಿ ಹೋಗದೆ ವೈರಸ್ ಹೋಗದು. ವೈರಸ್ ಹೋಗದೆ ಫೀ ಸಲ್ಲದು. ಗಾದ್ರಮ್ಮನವರು ಇರುವಷ್ಟು ಕಾಲ ವಿಭೂತಿ ಹೋಗದು. ಬಿಡಿಸಲು ಬರುವುದಿಲ್ಲ.

ಹೊನ್ನಾಳಿಯ ಎಮ್ಮೆಯನ್ನು ರಮ್ಯಶ್ರೀ ನಾಲ್ಕು ಸಲ ಹೋಗಿ ನೋಡಿದಳು. ಮದುವೆಯ ಮಾತಿಗೆ ಆಕೆ ಕೊಟ್ಟ ಉತ್ತರವನ್ನು ಹಾಲಮ್ಮನವರೇ ಮೆಚ್ಚಿ ಎಲ್ಲರಿಗೂ ಹೇಳುತ್ತಾರೆ: "ಮೊದಲು ಎಮ್ಮೆ ಗಬ್ಬ ನಿಲ್ಲಲಿ ಅತ್ತೆ, ಆಮೇಲೆ ನಿಮ್ಮ ಮಗನ್ನ ನೋಡ್ತೀನಿ." ಎಮ್ಮೆ ಗಬ್ಬ ನಿಂತಿತು. ರೇಣುಕಪ್ರಸಾದ್ ಕೊಟ್ಟಿಗೆ ಗುಡಿಸುವುದನ್ನು ಆಕೆ ಸ್ವಲ್ಪ ದೂರದಿಂದ, ರೋಗದ ಲಕ್ಷಣ ನೋಡುವವರಂತೆ, ಇನ್ನೂ ನೋಡುತ್ತಿದ್ದಾಳೆ.

ಈ ವರ್ಷದ ಆಯುಧಪೂಜೆಗೆ ಗಾದ್ರಮ್ಮನವರು ಗಾಜನ್ನು ತೊಳೆದು ಹೊಸದಾಗಿ ಮೂರು ಗೆರೆ ಎಳೆದರು. ಪೆಟ್ಟಿಗೆಯಲ್ಲಿ ಹೊಸ ಮೆಣಸಿನಕಾಯಿ. ಮರುಳಪ್ಪನವರು ನಮ್ಮ ಜಗಲಿಗೆ ಬಂದು, ನನ್ನ ಪತ್ರಿಕೆಯನ್ನು ಪಕ್ಕಕ್ಕಿಟ್ಟು, ಅಂಗೈ ಮೇಲೆ ಫೋನಿಟ್ಟುಕೊಂಡರು.

"ರೇಣುಕಪ್ರಸಾದರೇ, ಮರುಳಪ್ಪ ಮಾತಾಡೋದು. ವೈರಸ್ ಮತ್ತೆ ಹೊಸದಾಗಿ ಬಂದೈತೆ, ಮೊದಲಿಗಿಂತ ದಪ್ಪ. ನಿಮ್ಮ ಬಾಕಿ ಹಂಗೇ ಐತೆ, ಮರೆತಿಲ್ಲ."